ಕೆಂಪು ಕಾರಿಗೆ ಎದ್ದು ನಿಂತವರು

ಪರಶುರಾಮನಿಗೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಇದು ದೂರಲ್ಲ, ಚನ್ನಗಿರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವನು ಪಶು ಆಸ್ಪತ್ರೆಯಲ್ಲಿ ಗುಮಾಸ್ತ. ಅವನು ಒಳಗೆ ಬಂದರೆ ಜವಾನ ಚಾಚಿದ ಕಾಲನ್ನು ಮಡಚುತ್ತಿರಲಿಲ್ಲ. ಅಂಗಳದಲ್ಲಿ ಕಟ್ಟಿದ ಎಮ್ಮೆಗಳು ಮಾತ್ರ ಒಮ್ಮೊಮ್ಮೆ ಏಳುತ್ತಿದ್ದವು, ಅದೂ ಇವನು ಸೂಜಿ ತಂದಿದ್ದಾನೆಂದು ತಪ್ಪು ತಿಳಿದು. ಮದುವೆ ಮನೆಯ ಗುಂಪು ಫೋಟೋಗಳಲ್ಲಿ ಅವನ ಒಂದು ಕಿವಿ ಬೀಳುತ್ತಿತ್ತು. ಪಂಕ್ತಿಯಲ್ಲಿ ಸರಿಯಾಗಿ ಅವನ ಎಲೆಯ ಹತ್ತಿರ ಬಂದಾಗ ಪಾಯಸ ಮುಗಿಯುತ್ತಿತ್ತು; ಬಡಿಸುವವನು ಒಳಗೆ ಹೋಗಿ ತುಂಬಿಸಿಕೊಂಡು ಬಂದು ಮುಂದಿನ ಎಲೆಯಿಂದ ಶುರು ಮಾಡುತ್ತಿದ್ದ. ಇದನ್ನೆಲ್ಲ ಅವನು ನಗುತ್ತಲೇ ಸಹಿಸಿದ್ದ. ಸಹಿಸಲಾಗದ್ದು ಒಂದೇ ಒಂದು, ಅದು ಜಗಳೂರಿನ ಮಾವನ ಮಂಚ.

ಮಾವ ಉಚ್ಚಂಗೆಪ್ಪನವರು ಸರ್ಕಾರಿ ಹಾಸ್ಟೆಲಿನ ವಾರ್ಡನ್ ಆಗಿದ್ದು ನಿವೃತ್ತರಾದವರು. ಚಿಕ್ಕಂದಿನಲ್ಲಿ ಊರಿನ ದೊಡ್ಡವರು ದಾಟಿ ಹೋದಾಗಲೆಲ್ಲ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತು ಬೆಳೆದವರು. ನೌಕರಿಯ ಆದೇಶ ಕೈಗೆ ಬಂದ ದಿನವೇ ಅವರೊಂದು ತೀರ್ಮಾನ ಮಾಡಿದರು: ಇನ್ನು ಮೇಲೆ ಈ ಮಂಡಿ ಏಳುವುದಿದ್ದರೆ ನನ್ನ ಮನಸ್ಸು ಹೇಳಿದವರಿಗೆ ಮಾತ್ರ. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯನ್ನು ಕುಳಿತೇ ಮಾತಾಡಿಸಿದ್ದರು. ಹಾಸ್ಟೆಲಿನಲ್ಲಿ ಹುಡುಗರಿಗೆ ರೊಟ್ಟಿ ತಟ್ಟುತ್ತಿದ್ದ ಮುದುಕಿ ಕೆಲಸ ಬಿಟ್ಟು ಹೊರಟ ದಿನ ಎದ್ದು ಗೇಟಿನ ತನಕ ಹೋಗಿದ್ದರು. ಹೀಗಾಗಿ ಉಚ್ಚಂಗೆಪ್ಪನವರು ಎದ್ದರೆ ಜಗಳೂರಿನಲ್ಲಿ ಅದಕ್ಕೊಂದು ಬೆಲೆ ಇತ್ತು.

ಅಂಥವರು ಹಿರಿಯ ಅಳಿಯನಿಗೆ, ಅಂದರೆ ಪರಶುರಾಮನ ಷಡ್ಡಕ ಭೀಮೇಶನಿಗೆ, ತಪ್ಪದೆ ಏಳುತ್ತಿದ್ದರು. ಭೀಮೇಶನಿಗೆ ನ್ಯಾಮತಿಯಲ್ಲಿ ಬೀಜ–ಗೊಬ್ಬರದ ಅಂಗಡಿ, ಓಡಾಡಲು ಜೀಪು. ಜೀಪಿನ ಸದ್ದು ಕೇಳಿದ್ದೇ ಮಾವ ನೋಯುವ ಮಂಡಿಗೆ ಕೈಯೂರಿ ಎದ್ದು, "ಬರ್ರಿ ಅಳಿಯಂದ್ರೆ, ಬರ್ರಿ" ಎಂದು ಬಾಗಿಲ ತನಕ ಬರುತ್ತಿದ್ದರು. ಪರಶುರಾಮ ಬಸ್ಸಿಳಿದು ನಡೆದು ಬಂದರೆ ಮಂಚದ ಮೇಲಿಂದಲೇ, "ಬಂದ್ಯಾ? ನಲ್ಲಿ ಬಂದೈತೆ ನೋಡು, ಆ ಕೊಡ ತುಂಬಿಸಿಡು" ಎನ್ನುತ್ತಿದ್ದರು.

ಕೊಡ ತುಂಬಿಸುತ್ತ ತುಂಬಿಸುತ್ತ ಪರಶುರಾಮ ಬಹಳ ಯೋಚಿಸಿದ. ಇಬ್ಬರೂ ಅಳಿಯಂದಿರೇ, ಇಬ್ಬರೂ ಮಾವನ ಹೆಣ್ಣುಮಕ್ಕಳನ್ನು ಚೆನ್ನಾಗಿಯೇ ನೋಡಿಕೊಂಡವರು. ವ್ಯತ್ಯಾಸವೆಂದರೆ ಜೀಪು. ಒಂದೇ ಒಂದು ಸಲ ಮಾವ ತನಗೂ ಎದ್ದು ನಿಲ್ಲಬೇಕು, ಆಮೇಲೆ ಬದುಕೆಲ್ಲ ಕುಳಿತೇ ಇದ್ದರೂ ಚಿಂತೆಯಿಲ್ಲ ಎಂದು ಅವನು ನಿಶ್ಚಯಿಸಿದ.

ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಒಂದು ಕಾರು ಬಿದ್ದಿತ್ತು. ಕೆಂಪು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತ ಹಳೆಯ ಸ್ಪೋರ್ಟ್ಸ್ ಕಾರು. ಹಿಂದೆ ಇದ್ದ ಶೋಕಿಯ ಡಾಕ್ಟರೊಬ್ಬರು ಎಲ್ಲಿಂದಲೋ ತಂದು, ಇಂಜಿನ್ ಜಾಮ್ ಆದ ಮೇಲೆ ಅಲ್ಲೇ ಬಿಟ್ಟು, ವರ್ಗವಾಗಿ ಹೋಗಿದ್ದರು. ಪರಶುರಾಮ ಫೋನು ಮಾಡಿ ಕೇಳಿದಾಗ ಅವರು ನಕ್ಕು, ಕಾಗದ ಪತ್ರ ಕಳಿಸಿ, ಕಾರನ್ನು ಅವನ ಹೆಸರಿಗೇ ಮಾಡಿಕೊಟ್ಟರು. ಆದರೆ ಪಕ್ಕದ ಮನೆಯ ತಿಪ್ಪಮ್ಮನ ಕೋಳಿ ಡ್ರೈವರ್ ಸೀಟಿನ ಮೇಲೆ ಕಾವಿಗೆ ಕೂತಿತ್ತು. ಮರಿ ಹೊರಬರುವ ತನಕ ಪರಶುರಾಮ ಕಾರನ್ನು ಮುಟ್ಟಲಿಲ್ಲ. ಅವನ ಹೆಂಡತಿ, ಪ್ರೈಮರಿ ಶಾಲೆಯ ಮೇಡಂ ಅಂಬಿಕಾ, ಕಾರಿನಿಂದ ಏನಾದರೂ ಪ್ರಯೋಜನವಾದರೆ ಅದು ಇಷ್ಟೇ ಎಂದುಕೊಂಡಳು.

ಆಮೇಲೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಹೊನ್ನಾಳಿಗೆ, ಹೊಳೆಯ ಹತ್ತಿರದ ಧರ್ಮಪ್ಪನ ಗ್ಯಾರೇಜಿಗೆ ಎಳೆಸಿದ. ಧರ್ಮಪ್ಪ ಬಾನೆಟ್ ಎತ್ತಿ ನೋಡಿ, ಮುಚ್ಚಿದ. ಈ ಇಂಜಿನ್ನಿಗೆ ಸಾಮಾನು ಈ ದೇಶದಲ್ಲಿ ಸಿಗುವುದಿಲ್ಲ, ಬೇರೆಯದನ್ನೇ ಕೂಡಿಸಬೇಕು ಎಂದ. ಗ್ಯಾರೇಜಿನ ಮೂಲೆಯಲ್ಲಿ ಹಳೆಯ ವ್ಯಾನೊಂದರ ಡೀಸೆಲ್ ಇಂಜಿನ್ ಇತ್ತು. ವ್ಯಾನಿನ ಮೈ ತುಕ್ಕು ಹಿಡಿದು ಗುಜರಿಗೆ ಹೋಗಿ, ಇಂಜಿನ್ನೂ ಸೈಲೆನ್ಸರೂ ಮಾತ್ರ ಉಳಿದಿದ್ದವು.

"ಹೆಂಗೈತೆ ಇದು?" ಎಂದು ಪರಶುರಾಮ ಕೇಳಿದ.

ಧರ್ಮಪ್ಪ ಸುಳ್ಳು ಹೇಳುವವನಲ್ಲ. ಗಿರಾಕಿಯ ಮನಸ್ಸು ನೋಯಿಸುವವನೂ ಅಲ್ಲ. "ಒಂದಿನಾನೂ ಜೋರಾಗಿ ಓಡಿಲ್ಲ ಸಾರ್. ಓಡ್ಸಿದೋರು ಬಾಳ ಗಂಭೀರ ಮನುಷ್ಯರು. ಅದ್ರಾಗೆ ಹೋದೋರು ಒಬ್ರೂ ತಿರುಗಿ ಬಂದು ತಕರಾರು ಹೇಳಿಲ್ಲ" ಎಂದ.

ಪರಶುರಾಮನಿಗೆ ಇಷ್ಟು ಸಾಕಾಯಿತು. ಯಾವುದೋ ಒಳ್ಳೆಯ ಶಾಲೆಯ ವ್ಯಾನಿರಬೇಕು ಅಂದುಕೊಂಡ.

ಅದು ಶವವಾಹನದ ಇಂಜಿನ್. ದಾವಣಗೆರೆ, ಶಿವಮೊಗ್ಗದ ಆಸ್ಪತ್ರೆಗಳಲ್ಲಿ ತೀರಿಕೊಂಡವರನ್ನು ಊರಿಗೆ ತಲುಪಿಸಲು ಯಾರೋ ಪುಣ್ಯವಂತರು ಬಿಟ್ಟಿದ್ದ ವ್ಯಾನು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಅಂತ ಅದು ಹೋಗದ ಊರಿಲ್ಲ, ನಿಲ್ಲದ ಓಣಿಯಿಲ್ಲ. ಅದರ ಸದ್ದು ಬೇರೆ ಯಾವ ಗಾಡಿಗೂ ಇರಲಿಲ್ಲ: ಡುಗ್ ಡುಗ್ ಡುಗ್ ಎಂದು ನಿಧಾನಕ್ಕೆ ಬಂದು, ನಡುವೆ ಒಂದು ದೀರ್ಘ ನಿಟ್ಟುಸಿರು, ಮತ್ತೆ ಡುಗ್ ಡುಗ್. ಈ ಸೀಮೆಯಲ್ಲಿ ಆ ಸದ್ದು ಕೇಳಿ ಒಮ್ಮೆಯೂ ಅಳದ ಮನೆ ಕಡಿಮೆ.

ಧರ್ಮಪ್ಪ ಕೆಲಸ ಅಚ್ಚುಕಟ್ಟಾಗಿ ಮಾಡಿದ. ಇಂಜಿನ್ ಕೂರಲು ಹೊಸ ಪಟ್ಟಿಗಳನ್ನು ಬೆಸೆದ. ಹಳೆಯ ಗೇರ್ ಬಾಕ್ಸಿಗೂ ಹೊಸ ಇಂಜಿನ್ನಿಗೂ ಸಂಬಂಧ ಕೂಡದೆ ಇದ್ದಾಗ ಲೇತಿನಲ್ಲಿ ಒಂದು ದಪ್ಪ ಕಬ್ಬಿಣದ ತಟ್ಟೆ ಮಾಡಿಸಿ ನಡುವೆ ಇಟ್ಟು ಕೂಡಿಸಿದ. ಇಂಜಿನ್ ಎತ್ತರವಾಗಿ ಬಾನೆಟ್ ಮುಚ್ಚದಿದ್ದಾಗ ಅದಕ್ಕೆ ಕಿಂಡಿ ಕೊರೆದ. ಎರಡು ಕುಂದು ಮಾತ್ರ ಉಳಿದವು. ಹೊಗೆ ಒಂದಿಷ್ಟು ಒಳಗೂ ಬರುತ್ತಿತ್ತು. ಪಕ್ಕದ ಸೀಟು ಹಿಂದಕ್ಕೆ ಒರಗಿದ್ದು ಮತ್ತೆ ಮೇಲೇಳಲಿಲ್ಲ, ಅದರಲ್ಲಿ ಕುಳಿತವರು ಮಲಗಿಯೇ ಇರಬೇಕಿತ್ತು.

ಇಂಜಿನ್ ಬದಲಾದರೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಪರಶುರಾಮ ಹೆದರಿಕೊಂಡೇ ಹೋದ. ಅಂಗಳದಲ್ಲಿ ಕಾರು ನಿಟ್ಟುಸಿರು ಬಿಟ್ಟದ್ದೇ ಇನ್‌ಸ್ಪೆಕ್ಟರ್ ಊಟದ ಡಬ್ಬಿ ಮುಚ್ಚಿ ಎದ್ದು ನಿಂತರು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಂಬರು ನೋಡಿ, ಬ್ರೇಕು ನೋಡಿ, ಕೊನೆಗೆ ಪರಶುರಾಮನ ಮುಖ ನೋಡಿ ಮೆತ್ತಗೆ, "ಎಲ್ಲಾರೂ ಒಂದಿನ ಇದ್ರಾಗೇ ಹೋಗೋದು ಬಿಡ್ರಿ" ಎಂದು ಸಹಿ ಹಾಕಿದರು. ಸ್ಪೋರ್ಟ್ಸ್ ಕಾರುಗಳಿಗೆ ಇಷ್ಟು ಒಳ್ಳೆಯ ಭವಿಷ್ಯವಿದೆಯೆಂದು ಪರಶುರಾಮನಿಗೆ ಗೊತ್ತಿರಲಿಲ್ಲ.

ಕಾರು ಊರಿಗೆ ಹೊರಟಿತು. ಹೊನ್ನಾಳಿಯ ಸರ್ಕಲ್ಲಿನಲ್ಲಿ ಪೊಲೀಸಿನವನು ಮೆಕ್ಕೆಜೋಳದ ಲಾರಿ ನಿಲ್ಲಿಸಿ, ಇವನಿಗೆ ದಾರಿ ಬಿಟ್ಟು, ಕೈ ಪಕ್ಕಕ್ಕೆ ಇಳಿಸಿ ನೆಟ್ಟಗೆ ನಿಂತ. ಕಿರಾಣಿ ಅಂಗಡಿಯವನು ಶಟರನ್ನು ಅರ್ಧ ಇಳಿಸಿದ. ಹೋಟೆಲಿನ ಕಟ್ಟೆಯ ಮೇಲಿದ್ದವರು ಗ್ಲಾಸು ಕೆಳಗಿಟ್ಟು ಎದ್ದರು, ತಲೆಗೆ ಸುತ್ತಿದ ಟವೆಲು ಬಿಚ್ಚಿದರು. ಸದ್ದು ಮೊದಲು ಬರುತ್ತಿತ್ತು, ಕಾರು ಆಮೇಲೆ. ಕಾರು ಕಂಡಾಗ ಜನ, ವ್ಯಾನು ಕೆಟ್ಟಿರಬೇಕು, ಪಾಪ, ಸಿಕ್ಕ ಗಾಡಿಯಲ್ಲೇ ತಂದಿದ್ದಾರೆ ಎಂದುಕೊಂಡು ಇನ್ನಷ್ಟು ಮರುಗಿದರು. ಒಬ್ಬ ಮುದುಕ ಕೈಯಲ್ಲಿದ್ದ ಮಂಡಕ್ಕಿಯನ್ನೇ ಒಂದು ಹಿಡಿ ರಸ್ತೆಗೆ ಎರಚಿ ಕೈ ಮುಗಿದ.

ಪರಶುರಾಮನ ಕಣ್ಣು ತುಂಬಿ ಬಂತು. ವಾಹನವೊಂದಕ್ಕೆ ಇಷ್ಟು ಶಕ್ತಿಯಿದೆಯೇ ಎಂದುಕೊಂಡ. ಅವನು ವೇಗ ತಗ್ಗಿಸಿ, ಎರಡೂ ಕಡೆಗೆ ಗಂಭೀರವಾಗಿ ತಲೆಯಾಡಿಸುತ್ತ ಹೋದ. ತುಂಬಿದ ಕಣ್ಣು ನೋಡಿ ಜನ ಹತ್ತಿರದ ಸಂಬಂಧಿಯೇ ಇರಬೇಕು ಎಂದರು.

ಚನ್ನಗಿರಿಯ ಅವನ ಓಣಿಯಲ್ಲೂ ಎಲ್ಲರೂ ಹೊರಗೆ ಬಂದು ನಿಂತರು. ತಿಪ್ಪಮ್ಮ ಒಂದು ಚೊಂಬು ಮಜ್ಜಿಗೆ ತಂದು ಅವನ ಕೈಗೆ ಕೊಟ್ಟು, "ನುಂಗ್ಕಬೇಕಪ್ಪ, ಏನ್ ಮಾಡಾಕಾಗ್ತೈತೆ" ಎಂದಳು. ಅವನು ಮಜ್ಜಿಗೆಯನ್ನು ನುಂಗಿದ. ಸ್ವಲ್ಪ ಹೊತ್ತಿನಲ್ಲಿ ಯಾರೂ ಸತ್ತಿಲ್ಲವೆಂದು ಓಣಿಗೆ ತಿಳಿಯಿತು. ಸದ್ದು ಎಲ್ಲಿಯದೆಂದೂ ತಿಳಿಯಿತು. ಹೇಳಿಬಿಡೋಣವೆಂದು ಹೊರಟ ಒಬ್ಬಿಬ್ಬರನ್ನು ತಿಪ್ಪಮ್ಮ ತಡೆದಳು. ನನ್ನ ಕೋಳಿಗೆ ಅಂತ ಕಾದ ಮನುಷ್ಯ, ಯಾವತ್ತೂ ಇಲ್ಲದ್ದು ಇವತ್ತು ಎದೆ ಎತ್ತಿ ನಡೀತಾವ್ನೆ, ಒಬ್ಬರಾದರೂ ಬಾಯಿ ಬಿಟ್ಟರೆ ನೋಡಿ ಎಂದಳು. ಅಂದಿನಿಂದ ಆ ಓಣಿಯವರು ಎಲ್ಲ ಗೊತ್ತಿದ್ದೂ, ಕಾರು ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದರು. ಈ ಮಾತನ್ನು ಪರಶುರಾಮನಿಗೆ ಇವತ್ತಿಗೂ ಯಾರೂ ಹೇಳಿಲ್ಲ.

ಶ್ರಾವಣದಲ್ಲಿ ಮಾವ ಇಬ್ಬರು ಅಳಿಯಂದಿರನ್ನೂ ಊಟಕ್ಕೆ ಕರೆದರು. ಪರಶುರಾಮ ಕಾರಿಗೆ ಪೂಜೆ ಮಾಡಿಸಿದ. ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ ಬಿತ್ತು, ಮುಂದೆ ಊದುಬತ್ತಿಯ ಕಟ್ಟು ಹೊಗೆಯಾಡಿತು, ಚಕ್ರಗಳು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿದವು. ಇಂಥ ಶೃಂಗಾರ ನಮ್ಮಲ್ಲಿ ಎರಡೇ ಬಗೆಯ ಗಾಡಿಗಳಿಗೆ ಇರುತ್ತದೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಕತ್ತಲಗೆರೆ ಬರುವಷ್ಟರಲ್ಲಿ ಪರಶುರಾಮನ ಬೆನ್ನು ಹಿಡಿದುಕೊಂಡಿತು. ಅಂಬಿಕಾ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಲೈಸೆನ್ಸ್ ಪಡೆದವಳು. ಅವಳು ಸ್ಟೀರಿಂಗ್ ಹಿಡಿದಳು. ಅವನು ಪಕ್ಕದ ಸೀಟಿನಲ್ಲಿ ಉದ್ದಕ್ಕೆ ಮಲಗಿದ. ಹೊಗೆ ಮೂಗಿಗೆ ಬಾರದಿರಲೆಂದು ಬಿಳಿಯ ಟವೆಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮುಖದ ಮೇಲೆ ಹಾಸಿಕೊಂಡ. ಡುಗ್ ಡುಗ್ ಸದ್ದಿಗೆ ಚೆನ್ನಾಗಿ ನಿದ್ದೆ ಬಂತು. ಗಾಳಿಗೆ ಅಂಬಿಕಾಳ ಕೂದಲು ಕೆದರಿತು, ಬೆವರಿಗೆ ಹಣೆಯ ಕುಂಕುಮ ಅಳಿಸಿತು. ಗುಂಡಿ ತಪ್ಪಿಸುವ ಚಿಂತೆಯಲ್ಲಿ ಅವಳ ಮುಖ ಕಲ್ಲಿನ ಹಾಗಾಗಿತ್ತು.

ತ್ಯಾವಣಿಗೆಯ ಟೈರ್ ಅಂಗಡಿಯ ಮುಂದೆ ಭೀಮೇಶ ಕೂತಿದ್ದ. ಯಾರೋ ಗಿರಾಕಿಯನ್ನು ಕಂಡು ಹಾಗೇ ಜಗಳೂರಿಗೆ ಹೋಗೋಣವೆಂದು ಬಂದವನ ಜೀಪು ಪಂಕ್ಚರ್ ಆಗಿತ್ತು. ದೂರದಿಂದ ಆ ಸದ್ದು ಬಂತು. ಎಲ್ಲರ ಜೊತೆ ಅವನೂ ಎದ್ದ. ಹಾರ ಹಾಕಿದ ಕಾರು ಬಂತು. ಅದನ್ನು ಓಡಿಸುತ್ತಿದ್ದವಳು ತನ್ನ ನಾದಿನಿ. ಪಕ್ಕದಲ್ಲಿ ಉದ್ದಕ್ಕೆ ಮಲಗಿದವನ ಮುಖದ ಮೇಲೆ ಬಿಳಿ ಬಟ್ಟೆ, ಕಾಲಲ್ಲಿ ಪರಶುರಾಮನದೇ ಚಪ್ಪಲಿ. ಅಂಬಿಕಾ ಎಂದು ಕೂಗಿದ. ಅವಳಿಗೆ ಕೇಳಿಸಲಿಲ್ಲ. ಫೋನು ಮಾಡಿದ. ಅದು ಚೀಲದೊಳಗೆ ಹಾಡಿ ಹಾಡಿ ಸುಮ್ಮನಾಯಿತು. ಭೀಮೇಶ ಟೈರಿನ ಮೇಲೆ ಕುಸಿದು ಕುಳಿತು, ಜಗಳೂರಿಗೆ ಫೋನು ಹಚ್ಚಿ, ಅಳುತ್ತಲೇ ವಿಷಯ ಮುಟ್ಟಿಸಿದ.

ಕೆಟ್ಟ ಸುದ್ದಿಗೆ ನಮ್ಮ ಜನ ಎಷ್ಟು ಬೇಗ ಒಳ್ಳೆಯವರಾಗುತ್ತಾರೆ. ಕಾರು ದಾವಣಗೆರೆ ದಾಟುವಷ್ಟರಲ್ಲಿ ಉಚ್ಚಂಗೆಪ್ಪನವರ ಮನೆ ಮುಂದೆ ಶಾಮಿಯಾನ ಎದ್ದಿತ್ತು. ಎದುರು ಮನೆಯವರು ಹೋಳಿಗೆಗೆ ಇಟ್ಟ ಒಲೆ ಆರಿಸಿ ಕುರ್ಚಿ ಹೊತ್ತು ತಂದರು. ಕುರಿ ಸಾಕುವ ದೊಡ್ಡಕ್ಕ ಕಂಬಕ್ಕೆ ಒರಗಿ ಕುಳಿತು, ನನ್ನ ಕುರಿಗಳಿಗೆ ಬೇನೆ ಬಂದಾಗ ಬಸ್ಸಿನ ಕಂಡಕ್ಟರ ಕೈಯಾಗೆ ಔಷಧಿ ಕಳಿಸಿದ ಪುಣ್ಯಾತ್ಮ ಎಂದು ಹಾಡಿ ಅತ್ತಳು. ಇನ್ನೊಬ್ಬರು, ಅವನು ಉಂಡ ತಟ್ಟೆಯನ್ನು ತಾನೇ ತೊಳೆಯುತ್ತಿದ್ದ ಎಂದರು. ಪಾಯಸ ಬರದಿದ್ದರೂ ಪಂಕ್ತಿ ಬಿಟ್ಟು ಏಳದ ಮನುಷ್ಯ ಎಂದು ಬಡಿಸುವ ಕೆಲಸ ಮಾಡಿದ್ದವನೊಬ್ಬ ತಲೆ ತಗ್ಗಿಸಿದ. ಬದುಕಿದ್ದಾಗ ಫೋಟೋದಲ್ಲಿ ಒಂದು ಕಿವಿ ಮಾತ್ರ ಬಿದ್ದವನನ್ನು ಅವರೆಲ್ಲ ಇಡಿಯಾಗಿಯೇ ನೋಡಿದ್ದರು.

ಡುಗ್ ಡುಗ್ ಎಂಬ ಸದ್ದು ಓಣಿಯ ತುದಿಯಲ್ಲಿ ಕೇಳಿತು. ಒಮ್ಮೆಲೇ ಎಲ್ಲರೂ ಎದ್ದರು.

ಅಂಬಿಕಾ ಶಾಮಿಯಾನ ಕಂಡಳು, ಅಳುವ ಜನರನ್ನು ಕಂಡಳು, ತೆರೆದ ಬಾಗಿಲಲ್ಲಿ ಕಾಣುವ ಮಂಚದ ಮೇಲೆ ಅಪ್ಪ ಇಲ್ಲದ್ದನ್ನು ಕಂಡಳು. ಅವಳ ಎದೆ ಒಡೆಯಿತು. ಕಾರು ನಿಲ್ಲಿಸಿ, ಇಳಿದು, "ಅಪ್ಪಾ" ಎಂದು ಅಲ್ಲೇ ನೆಲಕ್ಕೆ ಕುಸಿದಳು. ಗಂಡನನ್ನು ಕಳೆದುಕೊಂಡ ಹೆಣ್ಣು ಅಪ್ಪನನ್ನು ನೆನೆದು ಅಳುವುದು ಸಹಜವೇ. ದೊಡ್ಡಕ್ಕ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ಇಬ್ಬರೂ ಬೇರೆ ಬೇರೆಯವರಿಗಾಗಿ ಒಟ್ಟಿಗೇ ಅತ್ತರು.

ಈ ಗದ್ದಲಕ್ಕೆ ಪರಶುರಾಮನಿಗೆ ಎಚ್ಚರವಾಯಿತು. ಟವೆಲಿನ ಕೆಳಗೆ ಕಣ್ಣು ಬಿಟ್ಟು ಅಳು ಕೇಳಿದ. ಮಾವ ಹೋದರು ಎಂದು ಅವನಿಗೂ ಖಚಿತವಾಯಿತು. ಇನ್ನು ಯಾರು ಎದ್ದರೇನು, ಯಾರು ಕೂತರೇನು. ಟವೆಲು ತೆಗೆಯುವ ಧೈರ್ಯ ಬರಲಿಲ್ಲ, ಹಾಗೇ ಮಲಗಿ ಸದ್ದಿಲ್ಲದೆ ಅತ್ತ.

ಆಗ ಬಾಗಿಲಲ್ಲಿ ಉಚ್ಚಂಗೆಪ್ಪನವರು ಕಾಣಿಸಿಕೊಂಡರು. ಯಾರ ಕೈಯನ್ನೂ ಹಿಡಿಯದೆ, ನೋಯುವ ಮಂಡಿಯನ್ನು ಎಳೆಯುತ್ತ ಕಾರಿನ ತನಕ ನಡೆದು ಬಂದರು. ಜನ ದಾರಿ ಬಿಟ್ಟರು. ಅವರು ಕಾರಿನ ಬಾಗಿಲು ಹಿಡಿದು ನೆಟ್ಟಗೆ ನಿಂತು ಬಿಳಿ ಬಟ್ಟೆಗೆ ಹೇಳಿದರು.

"ಭೀಮೇಶಪ್ಪಗೆ ಏಳ್ತಿದ್ದೆ. ಅವ್ರು ನಂಟರು, ಏಳಲಿಲ್ಲ ಅಂದ್ರೆ ಬ್ಯಾಸರ ಮಾಡ್ಕೆಂತಾರೆ. ನಿನಗೆ ಯಾಕೆ ಏಳ್ಲಿ? ಕೊಡ ತುಂಬ್ಸು ಅಂತ ನಿನಗೊಬ್ಬಂಗೇ ಅಂತಿದ್ದೆ ನೋಡು. ಮನೆ ಮಗ ಬಂದ್ರೆ ಯಾವ ಅಪ್ಪ ಎದ್ದು ನಿಲ್ತಾನಪ್ಪ? ಇವತ್ತು ಏಳಿಸಿಬಿಟ್ಟೆಲ್ಲ."

ಟವೆಲಿನ ಕೆಳಗಿಂದ ತೊಯ್ದ ದನಿಯೊಂದು ಬಂತು.

"ನಿಂತ್ಕಬ್ಯಾಡ್ರಿ ಮಾವಾರೆ. ಮಂಡಿ ನೋಯ್ತೈತೆ."

ಓಣಿಯ ಅರ್ಧ ಜನ ಹಿಂದಕ್ಕೆ ಸರಿದರು, ಉಳಿದರ್ಧ ಮುಂದಕ್ಕೆ ಬಂದರು. ದೊಡ್ಡಕ್ಕ ಅಳುವನ್ನು ಅರ್ಧಕ್ಕೇ ನಿಲ್ಲಿಸಿ, ಇಷ್ಟೊತ್ತು ಅತ್ತದ್ದನ್ನು ವಾಪಸ್ ಕೇಳುವವಳ ಹಾಗೆ ನೋಡಿದಳು. ಅಂಬಿಕಾ ಅಪ್ಪನನ್ನು ಕಂಡು, ಗಂಡನನ್ನು ಕಂಡು, ಇಬ್ಬರೂ ಇದ್ದಾರೆಂದು ಖಚಿತ ಮಾಡಿಕೊಂಡು, ಮೊದಲ ಮಾತಾಗಿ ಗಂಡನಿಗೆ, "ಏಳ್ರೀ ಮೇಲೆ" ಎಂದಳು. ಮಲಗಿದ ಸೀಟಿನಿಂದ ಏಳುವುದು ಸುಲಭವಲ್ಲ. ಅವನನ್ನು ಹೊರಲೆಂದು ಬಂದಿದ್ದವರೇ ಕೈ ಕೊಟ್ಟು ಎಬ್ಬಿಸಿದರು.

ಆಮೇಲೆ ಶಾಮಿಯಾನದ ಕೆಳಗೆ ವಿಚಾರಣೆ ನಡೆಯಿತು. ಯಾರೋ ಬಾನೆಟ್ ಎತ್ತಿ ನೋಡಿದರು. ಈ ಸದ್ದು ನಮ್ಮಪ್ಪನನ್ನು ತಂದ ಗಾಡಿಯದೇ, ನಾನು ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ ಎಂದು ಒಬ್ಬ ಹೇಳಿದ. ಅಂಬಿಕಾ ಫೋನಿನಲ್ಲಿ ಧರ್ಮಪ್ಪನನ್ನು ಕೇಳಿದಾಗ ಅವನು ಬಹಳ ವಿನಯದಿಂದ ಒಪ್ಪಿಕೊಂಡ. ಪರಶುರಾಮ ಕುರ್ಚಿಯಲ್ಲಿ ಕುಗ್ಗಿ ಕುಳಿತು ಎಲ್ಲವನ್ನೂ ಕೇಳಿದ. ಹೊನ್ನಾಳಿಯ ಪೊಲೀಸಿನವನು, ಟೋಪಿ ತೆಗೆದ ಇನ್‌ಸ್ಪೆಕ್ಟರ್, ಮಂಡಕ್ಕಿ ಎರಚಿದ ಮುದುಕ, ಒಬ್ಬೊಬ್ಬರಾಗಿ ಅವನ ಕಣ್ಣ ಮುಂದೆ ಮತ್ತೆ ತಮ್ಮ ತಮ್ಮ ಜಾಗದಲ್ಲಿ ಕುಳಿತುಕೊಂಡರು. ಬದುಕಿರುವ ಪರಶುರಾಮನಿಗೆ ಅವರಲ್ಲಿ ಯಾರೂ ಎದ್ದಿರಲಿಲ್ಲ.

ಉಚ್ಚಂಗೆಪ್ಪನವರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಮೆಲ್ಲಗೆ ನಡೆದು ಹೋಗಿ ತಮ್ಮ ಮಂಚದ ಮೇಲೆ ಕುಳಿತರು. ಕಾಲು ಚಾಚಿದರು. ಅಳಿಯ ಎದುರಿಗೆ ಬಂದು ನಿಂತರೂ ಮಡಚಲಿಲ್ಲ.

"ನೀರು ಬಂದೈತಂತೆ, ನೋಡು" ಎಂದರು.

ಪರಶುರಾಮ ಕೊಡ ಎತ್ತಿಕೊಂಡ. ಎರಡು ಕೊಡ ತುಂಬಿಸಿಟ್ಟು ಬಂದು, ಯಾರೂ ಹೇಳದೆಯೇ, ಮಾವನ ಕಾಲನ್ನು ಒಂದಿಷ್ಟು ಸರಿಸಿ ಮಂಚದ ತುದಿಯಲ್ಲಿ ತಾನೂ ಕುಳಿತ.

ಅಷ್ಟರಲ್ಲಿ ಓಣಿಗೆ ಜೀಪು ಬಂತು. ಭೀಮೇಶ ಬಿಳಿ ಪಂಚೆಯುಟ್ಟು, ದಾವಣಗೆರೆಯಲ್ಲಿ ಕೊಂಡ ದೊಡ್ಡ ಗುಲಾಬಿ ಹಾರವನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತು ಬಾತ ಮುಖದಲ್ಲಿ ಇಳಿದ. ಮಂಚದ ಮೇಲೆ ಕುಳಿತ ಷಡ್ಡಕನನ್ನು ಕಂಡು ಹಾರದ ಜೊತೆ ಅಲ್ಲೇ ನಿಂತುಬಿಟ್ಟ. ಉಚ್ಚಂಗೆಪ್ಪನವರು ಮಂಡಿಗೆ ಕೈಯೂರಿ, ನೋವಿಗೆ ಹಲ್ಲು ಕಚ್ಚಿ, ಎದ್ದು ನಿಂತರು.

"ಬರ್ರಿ ಅಳಿಯಂದ್ರೆ, ಬರ್ರಿ."

ಪರಶುರಾಮನಿಗೆ ಭೀಮೇಶನ ಮೇಲೆ ಬಹಳ ಮರುಕ ಬಂತು. ಪಾಪ, ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನುಷ್ಯನಿಗೆ ಮಾವ ಇನ್ನೂ ಏಳುತ್ತಲೇ ಇದ್ದಾರೆ. ಅವನು ತಾನೂ ಎದ್ದು, ಒಳಗೆ ಹೋಗಿ, ನಂಟರಿಗೆ ಕಾಲು ತೊಳೆಯಲು ಒಂದು ಚೊಂಬು ನೀರು ತಂದ.